ಕಡಲು ನಮ್ಮದು, ಕಪ್ ಮಧ್ಯಪ್ರದೇಶದ್ದು

2025ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ಬೀಚ್ ಸಾಕರ್ ಏಷ್ಯನ್ ಕಪ್ ನಡೆಯಿತು. ಭಾರತದ ತಂಡವೂ ಹೋಗಿತ್ತು. 2007ರ ನಂತರ ಅದೇ ಮೊದಲ ಸಲ. ನಮ್ಮ ಗುಂಪಿನಲ್ಲಿ ಥಾಯ್ಲೆಂಡ್, ಲೆಬನಾನ್, ಕುವೈತ್ ಇದ್ದವು. ಗುಂಪಿನ ಹಂತ ದಾಟಲು ನಮ್ಮವರಿಗೆ ಆಗಲಿಲ್ಲ. ಕಪ್ ಇರಾನಿಗೆ ಹೋಯಿತು.

ಮಲ್ಪೆ, ಕಾಪು, ಪಡುಬಿದ್ರಿಯಲ್ಲಿ ಎಷ್ಟು ಜನರಿಗೆ ಈ ಸುದ್ದಿ ಮುಟ್ಟಿತು? ಅದೇ ವಾರ ಐಪಿಎಲ್ ಶುರುವಾಗಿತ್ತು, ಎಲ್ಲರ ಮೊಬೈಲಿನಲ್ಲೂ ಅದೇ. ಜನರ ಮೇಲೆ ನಮಗೆ ಸಿಟ್ಟಿಲ್ಲ. ಸಿಟ್ಟಿರುವುದು ಬೀಚ್ ಉತ್ಸವದ ವೇದಿಕೆ ಹತ್ತಿ ಕಡಲನ್ನು ಹೊಗಳಿ, ಶಾಲು ಹೊದೆಸಿಕೊಂಡು ಇಳಿದು ಹೋಗುವವರ ಮೇಲೆ. ಕಡಲಿದ್ದರೆ ಬೀಚ್ ಆಟಗಾರರು ತಾನಾಗಿ ಹುಟ್ಟುತ್ತಾರೆ ಎಂದು ಅವರು ನಂಬಿದ ಹಾಗಿದೆ.

ಹುಟ್ಟುವುದಿಲ್ಲ ಮಾರಾಯ್ರೆ. 2024ರ ಜನವರಿಯಲ್ಲಿ ದಿಯುವಿನಲ್ಲಿ ಬೀಚ್ ಗೇಮ್ಸ್ ನಡೆದಾಗ ಒಟ್ಟಾರೆ ಚಾಂಪಿಯನ್ ಆದದ್ದು ಮಧ್ಯಪ್ರದೇಶ. ಏಳು ಚಿನ್ನ ಸೇರಿ 18 ಪದಕ. ಆ ರಾಜ್ಯದಿಂದ ಕಡಲು ನೋಡಬೇಕಾದರೆ ರಾತ್ರಿಯಿಡೀ ರೈಲಿನಲ್ಲಿ ಕೂತುಕೊಳ್ಳಬೇಕು. 2023ರಲ್ಲಿ ಸೂರತ್‌ನಲ್ಲಿ ನಡೆದ ಮೊದಲ ರಾಷ್ಟ್ರೀಯ ಬೀಚ್ ಸಾಕರ್ ಪಂದ್ಯಾಟದ ಫೈನಲಿಗೆ ಬಂದದ್ದು ಕೇರಳ ಮತ್ತು ಪಂಜಾಬ್. ಕೇರಳ 13-4ರಲ್ಲಿ ಗೆದ್ದಿತು, ಸರಿ. ಆದರೆ ಗೋಧಿ ಗದ್ದೆಯ ನಾಡು ಫೈನಲಿಗೆ ಬಂತು ಅನ್ನುವುದನ್ನು ನೆನಪಿಡಿ. ಹೊರದೇಶದ ಕತೆಯೂ ಇದೇ. 2025ರ ಮೇ ತಿಂಗಳಲ್ಲಿ ಸೆಶೆಲ್ಸ್‌ನಲ್ಲಿ ವಿಶ್ವಕಪ್ ಫೈನಲಿನಲ್ಲಿ ಬ್ರೆಜಿಲ್‌ಗೆ 4-3ರವರೆಗೆ ಬೆವರಿಳಿಸಿದ್ದು ಬೆಲಾರೂಸ್. 2021ರಲ್ಲಿ ಮೂರನೇ ಸ್ಥಾನ ಸ್ವಿಟ್ಜರ್ಲೆಂಡಿಗೆ. ಈ ಎರಡೂ ದೇಶಗಳಿಗೆ ಒಂದು ಗೇಣು ಕಡಲ ತೀರವಿಲ್ಲ.

ಅವರಲ್ಲಿ ಏನಿದೆ ಹಾಗಾದರೆ? ಹೊಯಿಗೆ ತುಂಬಿದ ಅಂಕಣವಿದೆ. ವಾರವಾರ ಆಡುವ ತಂಡಗಳಿವೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇವೆ. ಒಂದೊಂದು ತಂಡಕ್ಕೆ ಐದು ಜನ, ಬರಿಗಾಲು. ಹನ್ನೆರಡು ನಿಮಿಷದ ಮೂರು ಅವಧಿ. ಅಂಕಣ ಹೆಚ್ಚೆಂದರೆ 37 ಮೀಟರ್ ಉದ್ದ, 28 ಮೀಟರ್ ಅಗಲ. ಹೊಯಿಗೆ 40 ಸೆಂಟಿಮೀಟರ್ ಆಳ ಇರಬೇಕು. ಒಣಗಿದ್ದು, ಸಡಿಲವಾದದ್ದು, ಚಿಪ್ಪು ಕಲ್ಲು ಇಲ್ಲದ್ದು. ಸಂಜೆ ಹೊತ್ತು ನಮ್ಮ ಹುಡುಗರು ನೀರಿನಂಚಿನ ಒದ್ದೆ ಗಟ್ಟಿ ನೆಲದಲ್ಲಿ ಚೆಂಡು ಉರುಳಿಸಿ ಆಡುತ್ತಾರಲ್ಲ, ಇದು ಆ ಆಟವಲ್ಲ. ಸಡಿಲ ಹೊಯಿಗೆಯಲ್ಲಿ ಚೆಂಡು ಉರುಳುವುದೇ ಇಲ್ಲ. ಪಾದದ ತುದಿಯಿಂದ ಎತ್ತಬೇಕು, ಗಾಳಿಯಲ್ಲೇ ಕೊಡಬೇಕು, ಬೆನ್ನು ಹಾಕಿ ನಿಂತು ತಲೆ ಮೇಲಿಂದ ಒದೆಯಬೇಕು. ಕೈರಂಪಣಿ ಎಳೆದು ಬೆಳೆದ ಕಾಲಿಗೆ ಹೊಯಿಗೆಯಲ್ಲಿ ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಉಳಿದದ್ದೆಲ್ಲ ಅಭ್ಯಾಸದಿಂದ ಬರಬೇಕು, ಅಭ್ಯಾಸಕ್ಕೆ ಜಾಗ ಬೇಕು.

ಬೀಚ್ ಇದೆಯಲ್ಲ ಅಂತೀರಿ. ಶನಿವಾರ ಭಾನುವಾರ ಮಲ್ಪೆಗೆ ಹೋಗಿ ನೋಡಿ. ಚೆಂಡು ಹಿಡಿದ ಹುಡುಗರು ಪ್ರವಾಸಿಗರ ನಡುವೆ ಎಲ್ಲಿ ನಿಲ್ಲಬೇಕು? ಇನ್ನು ಜೂನ್, ಜುಲೈ. ಯಾಂತ್ರಿಕ ಮೀನುಗಾರಿಕೆಗೆ 61 ದಿನ ರಜೆ, ಬೋಟಿನ ಹುಡುಗರಿಗೆ ಪುರುಸೊತ್ತು ಸಿಗುವುದೇ ಆಗ. ಆದರೆ ಆಗಲೇ ಬೀಚಿಗೆ ಬಲೆ ಕಟ್ಟಿ ಬಂದ್ ಮಾಡುತ್ತಾರೆ, ತೀರವನ್ನು ಕಡಲೇ ತಿನ್ನುತ್ತಿರುತ್ತದೆ. ಹಾಗಾಗಿ ಅಂಕಣ ಕಡಲಿನಿಂದ ಒಳಗೆ, ನೀರು ಬಸಿದು ಹೋಗುವ ಜಾಗದಲ್ಲಿ ಆಗಬೇಕು. ನಾವು ಆದಿ ಉಡುಪಿಯ ಹೆಸರು ಹೇಳುತ್ತೇವೆ. ಉಡುಪಿ–ಮಲ್ಪೆ ರಸ್ತೆಯಲ್ಲೇ ಇದೆ, ಬಸ್ಸಿಗೆ ಕೊರತೆಯಿಲ್ಲ, ಕಡಲಿನ ಹುಡುಗರಿಗೂ ಪೇಟೆಯ ಹುಡುಗರಿಗೂ ಹತ್ತಿರ.

ಹೊಯಿಗೆ ಎಲ್ಲಿಂದ ತರುವುದು ಎಂದು ಖಂಡಿತ ಕೇಳುತ್ತಾರೆ. ಮನೆ ಕಟ್ಟುವವನಿಗೇ ಹೊಯಿಗೆ ಸಿಗದ ಜಿಲ್ಲೆ ನಮ್ಮದು, ಆ ಸಂಕಟ ನಮಗೂ ಗೊತ್ತು. ಆದರೆ ಲೆಕ್ಕ ಹಾಕಿ ನೋಡಿ: ಒಂದು ಅಂಕಣಕ್ಕೆ ಬೇಕಾದದ್ದು ಸುಮಾರು 415 ಘನ ಮೀಟರ್. ಸಣ್ಣ ಟಿಪ್ಪರಿನಲ್ಲಿ ನೂರು ಲೋಡು ಆಸುಪಾಸು, ಅದೂ ಒಂದು ಸಲಕ್ಕೆ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಆಗದ ಕೆಲಸವೇ ಇದು? ಮಲ್ಪೆಯಲ್ಲಿ 2022ರ ಮೇ ತಿಂಗಳಲ್ಲಿ ತೇಲುವ ಸೇತುವೆ ಉದ್ಘಾಟನೆಯಾಗಿ ಕೆಲವೇ ದಿನಗಳಲ್ಲಿ ಅಲೆಗೆ ಸಿಕ್ಕಿ ಬಿಡಿಬಿಡಿಯಾದದ್ದನ್ನು ನಾವೆಲ್ಲ ನೋಡಿದ್ದೇವೆ. ಹೊಯಿಗೆ ತುಂಬಿದ ಗುಂಡಿ ಅಲೆಗೆ ಒಡೆಯುವುದಿಲ್ಲ.

ಇನ್ನೊಂದು ಮಾತು ಕೇಳುತ್ತೇವೆ. ಫುಟ್ಬಾಲ್ ಮಲಯಾಳಿಗಳ ಆಟ, ನಮ್ಮದು ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್ ಎಂದು. ಆ ಪಂದ್ಯಾಟಗಳಿಗೆ ನಾವೂ ಹೋಗುತ್ತೇವೆ, ಹೊನಲು ಬೆಳಕಿನಲ್ಲಿ ಬೆಳಗಿನ ಜಾವದವರೆಗೆ ಕೂರುತ್ತೇವೆ. ಆದರೆ ಅದೇ ದಿಯುವಿನ ಗೇಮ್ಸ್‌ನಲ್ಲಿ ಬೀಚ್ ಸಾಕರ್ ಚಿನ್ನ ಯಾರಿಗೆ ಹೋಯಿತು ಗೊತ್ತೇ? ಲಕ್ಷದ್ವೀಪಕ್ಕೆ. ಫೈನಲಿನಲ್ಲಿ ಮಹಾರಾಷ್ಟ್ರವನ್ನು 5-4ರಲ್ಲಿ ಸೋಲಿಸಿದರು. 2011ರ ಜನಗಣತಿಯ ಪ್ರಕಾರ ಇಡೀ ಲಕ್ಷದ್ವೀಪದ ಜನಸಂಖ್ಯೆ 64 ಸಾವಿರ ಚಿಲ್ಲರೆ. ಉಡುಪಿ ಜಿಲ್ಲೆಯದ್ದು ಹನ್ನೊಂದೂ ಮುಕ್ಕಾಲು ಲಕ್ಷ.

ಭಾರತ ಸೋತು ಬಂದ ಆಟಕ್ಕೆ ಖರ್ಚು ಯಾಕೆ ಎನ್ನುವವರಿಗೆ ನಮ್ಮ ಉತ್ತರ ಇಷ್ಟೇ: ಸೋತದ್ದರಿಂದಲೇ. ಹುಲ್ಲಿನ ಫುಟ್ಬಾಲಿನಲ್ಲಿ ನಮ್ಮ ಹುಡುಗ ಭಾರತದ ಅಂಗಿ ಹಾಕಬೇಕಾದರೆ ಮಣಿಪುರ, ಮಿಜೋರಾಂ, ಬಂಗಾಳ, ಗೋವಾ ಎಲ್ಲವನ್ನೂ ದಾಟಬೇಕು; ಅವರು ಎಷ್ಟೋ ತಲೆಮಾರಿನಿಂದ ಆಡಿದವರು. ಹೊಯಿಗೆಯ ಆಟದಲ್ಲಿ ರಾಷ್ಟ್ರೀಯ ಪಂದ್ಯಾಟ ಶುರುವಾದದ್ದೇ 2023ರಲ್ಲಿ. ಎಲ್ಲರೂ ಹೊಸಬರು. ಇನ್ನು ಹತ್ತು ವರ್ಷ ಕಳೆದರೆ ಇಲ್ಲೂ ಬಾಗಿಲು ಮುಚ್ಚಿರುತ್ತದೆ, ಆಗ ನಮ್ಮವರು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ಹೊಡೆಯಬಹುದು.

ಆದಿ ಉಡುಪಿಯವರು ನಿಮ್ಮ ವಾರ್ಡಿನ ನಗರಸಭೆ ಸದಸ್ಯರನ್ನು ಕೇಳಿ. ತೀರದ ಊರುಗಳವರು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ಯುವಕ ಮಂಡಲದ ಲೆಟರ್‌ಹೆಡ್ಡಿನಲ್ಲಿ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅಜ್ಜರಕಾಡಿನ ಕ್ರೀಡಾ ಇಲಾಖೆಗೂ ಒಂದು ಪ್ರತಿ ಹೋಗಲಿ. ಬಂದ ಉತ್ತರದ ಫೋಟೋ ನಮಗೆ ಕಳಿಸಿ, ಹಾಗೆಯೇ ಹಾಕುತ್ತೇವೆ. ಉತ್ತರ ಬರದಿದ್ದರೆ ಕೊಟ್ಟ ತಾರೀಖು ಹಾಕುತ್ತೇವೆ.