ಕಾಯಿಲೆಗೂ ಐದು ವರ್ಷದ ಗಡುವೆ?

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಮೆರಿಕದಲ್ಲಿ ನೆಲೆಸಿದ ಹಿರಿಯ ಸಹೋದರನ ಅರ್ಜಿಯ ಮೇಲೆ ಅನೇಕ ವರ್ಷ ಕಾದು, ಹುಬ್ಬಳ್ಳಿಯಿಂದ ಒಂದು ಕುಟುಂಬ ಅಲ್ಲಿಗೆ ಹೋಗುತ್ತದೆ. ಕೈಯಲ್ಲಿ ಗ್ರೀನ್ ಕಾರ್ಡ್ ಇದೆ. ತಂದೆಗೆ ಅಂಗಡಿಯೊಂದರಲ್ಲಿ ಸಣ್ಣ ಸಂಬಳದ, ವಿಮೆಯಿಲ್ಲದ ಕೆಲಸ. ಜೊತೆಗೆ ಬಂದ ಮಗನಿಗೆ ಆರು ವರ್ಷ. ಮರುವರ್ಷ ಅಲ್ಲಿಯೇ ಒಬ್ಬ ಮಗಳು ಹುಟ್ಟುತ್ತಾಳೆ. ಅಣ್ಣ ತಂಗಿಯರಿಬ್ಬರಿಗೂ ಒಂದೇ ರಾತ್ರಿ ಕಿವಿನೋವು ಬಂದರೆ, ತಂಗಿಗೆ ಸರ್ಕಾರದ ಆರೋಗ್ಯ ವಿಮೆಯುಂಟು. ಅಣ್ಣನಿಗೆ ಉಂಟೋ ಇಲ್ಲವೋ ಎಂಬುದನ್ನು ಅವರು ವಾಸಿಸುವ ರಾಜ್ಯವನ್ನು ಕೇಳಿ ಹೇಳಬೇಕು. ಒಂದೇ ತಾಯಿಯ ಮಕ್ಕಳನ್ನು ಹೀಗೆ ಬೇರ್ಪಡಿಸುವ ಕಾನೂನು ನ್ಯಾಯವೆನಿಸಿಕೊಳ್ಳಲಾರದು.

ಈ ಭೇದವು ಹೇಗೆ ಬಂದಿತು? ಬಡವರಿಗಾಗಿ ಅಮೆರಿಕದಲ್ಲಿ 1965ರಲ್ಲಿ ಮೆಡಿಕೇಡ್ ಯೋಜನೆ ಆರಂಭವಾಯಿತು. ಮಕ್ಕಳ ಕಣ್ಣು, ಕಿವಿ, ಹಲ್ಲು, ಬೆಳವಣಿಗೆಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ, ದೋಷ ಕಂಡರೆ ಚಿಕಿತ್ಸೆ ಕೊಡಿಸಬೇಕೆಂಬ ವಿವೇಕದ ವಿಧಿ 1967ರಲ್ಲಿ ಅದಕ್ಕೆ ಸೇರಿತು. ಮೆಡಿಕೇಡಿನ ವರಮಾನ ಮಿತಿಯನ್ನು ದಾಟಿಯೂ ಖಾಸಗಿ ವಿಮೆಯನ್ನು ಕೊಳ್ಳಲಾರದ ಮನೆಗಳ ಮಕ್ಕಳಿಗಾಗಿ 1997ರಲ್ಲಿ ಮತ್ತೊಂದು ಯೋಜನೆ ಬಂದಿತು. ಆದರೆ ಇವೆರಡರ ನಡುವೆ, 1996ರ ಆಗಸ್ಟ್ 22ರಂದು, ಅಧ್ಯಕ್ಷ ಕ್ಲಿಂಟನ್ ಅವರು ಸಹಿ ಮಾಡಿದ ಕಾಯಿದೆಯೊಂದು ಬಾಗಿಲಿಗೆ ಅಡ್ಡಗೋಲು ಹಾಕಿತು. ಆ ದಿನದಿಂದೀಚೆಗೆ ಬಂದ ಬಹುಪಾಲು ಕಾನೂನುಬದ್ಧ ವಲಸಿಗರು ಇಂಥ ಯೋಜನೆಗಳಿಗೆ ಐದು ವರ್ಷ ಅರ್ಹರಲ್ಲವೆಂದು ಅದು ವಿಧಿಸಿತು, ಮಕ್ಕಳನ್ನೂ ಬಿಡಲಿಲ್ಲ. ದಾಖಲೆಯಿಲ್ಲದೆ ಬಂದ ಮಕ್ಕಳಿಗಂತೂ ಮೆಡಿಕೇಡಿನ ಕೇಂದ್ರದ ಹಣದಲ್ಲಿ ತುರ್ತು ಚಿಕಿತ್ಸೆಯ ಹೊರತು ಏನೂ ಇಲ್ಲ.

2009ರಲ್ಲಿ ಈ ತಪ್ಪು ಅರೆಬರೆಯಾಗಿ ತಿದ್ದಲ್ಪಟ್ಟಿತು. ಕಾನೂನುಬದ್ಧವಾಗಿ ವಾಸಿಸುವ ಮಕ್ಕಳನ್ನೂ ಗರ್ಭಿಣಿಯರನ್ನೂ ಐದು ವರ್ಷ ಕಾಯಿಸದೆ ಸೇರಿಸಿಕೊಳ್ಳಲು ರಾಜ್ಯಗಳಿಗೆ ಅವಕಾಶ ದೊರೆಯಿತು. 30ಕ್ಕೂ ಹೆಚ್ಚು ರಾಜ್ಯಗಳು ಮಕ್ಕಳ ವಿಷಯದಲ್ಲಿ ಇದನ್ನು ಒಪ್ಪಿದವು. ಇಲಿನಾಯ್ 2006ರಲ್ಲಿ, ಕ್ಯಾಲಿಫೋರ್ನಿಯಾ 2016ರಲ್ಲಿ ತಮ್ಮ ಹಣವನ್ನೇ ಹಾಕಿ ದಾಖಲೆಯಿಲ್ಲದ ಮಕ್ಕಳಿಗೂ ಬಾಗಿಲು ತೆರೆದವು. ಇದು ಸ್ತುತ್ಯ. ಆದರೆ ಅವಕಾಶವೆಂಬುದು ಕರ್ತವ್ಯವಲ್ಲ. ಒಪ್ಪದ ರಾಜ್ಯದಲ್ಲಿರುವ ಮಗು ಗಡಿ ದಾಟಿದರೆ ಅರ್ಹ, ದಾಟದಿದ್ದರೆ ಅನರ್ಹ! ಜ್ವರಕ್ಕೆ ಈ ಗಡಿರೇಖೆ ತಿಳಿದಿದೆಯೆ?

ವಿರೋಧಿಸುವವರ ಮೊದಲ ಮಾತು, ತೆರಿಗೆದಾರರ ಹಣವೆಂಬುದು. ಆ ಅಂಗಡಿಯ ನೌಕರನ ಮೊದಲ ಸಂಬಳದಿಂದಲೇ ತೆರಿಗೆ ಮುರಿಯಲಾಗುತ್ತದೆ. ಅದಕ್ಕೆ ಐದು ವರ್ಷದ ಗಡುವಿಲ್ಲ. ಎರಡನೆಯ ಮಾತು, ಕರೆಸಿಕೊಂಡ ಬಂಧುವು ಪೋಷಣೆಯ ಹೊಣೆಪತ್ರ ಬರೆದುಕೊಟ್ಟಿದ್ದಾನಲ್ಲವೆ ಎಂಬುದು. ಬರೆದುಕೊಟ್ಟದ್ದು ನಿಜ. ಆದರೆ ಒಬ್ಬ ಗೃಹಸ್ಥನು ಅನ್ನ ಹಾಕಬಲ್ಲ, ಕೋಣೆ ಬಿಟ್ಟುಕೊಡಬಲ್ಲ. ಅಮೆರಿಕದ ಆಸ್ಪತ್ರೆಯ ಬಿಲ್ಲನ್ನು ಎಷ್ಟು ಮಂದಿ ಹೊರಬಲ್ಲರು? ಮೇಲಾಗಿ ಆ ಪತ್ರಕ್ಕೆ ಮಗು ಸಹಿ ಹಾಕಿಲ್ಲ. ದೇಶ ಬಿಡುವ ನಿರ್ಧಾರವೂ ಅದರದಲ್ಲ.

ಇದರಲ್ಲಿ ಉಳಿತಾಯವಾದರೂ ಇದೆಯೆ? 1986ರ ಕಾಯಿದೆಯಂತೆ, ತುರ್ತು ಸ್ಥಿತಿಯಲ್ಲಿ ಬಂದ ರೋಗಿಯನ್ನು ಹಣವಿಲ್ಲವೆಂದು ಅಲ್ಲಿನ ಆಸ್ಪತ್ರೆಗಳು ಹಿಂದಕ್ಕೆ ಕಳುಹಿಸುವಂತಿಲ್ಲ. ಆದುದರಿಂದ ಉಬ್ಬಸದ ಮಗುವಿಗೆ ನಿತ್ಯದ ಇನ್‌ಹೇಲರನ್ನು ನಿರಾಕರಿಸುವ ವ್ಯವಸ್ಥೆಯೇ, ಆ ಮಗು ಉಸಿರುಗಟ್ಟಿ ನಡುರಾತ್ರಿ ಬಂದಾಗ ಅದನ್ನು ದಾಖಲು ಮಾಡಿಕೊಳ್ಳುತ್ತದೆ. ಅಲ್ಪವನ್ನು ಉಳಿಸಿ ಅಧಿಕವನ್ನು ತೆರುವ ಈ ಲೆಕ್ಕವನ್ನು ನಮ್ಮ ಯಾವ ವ್ಯಾಪಾರಿಯೂ ತನ್ನ ಖಾತೆಪುಸ್ತಕದಲ್ಲಿ ಬರೆಯಲಾರ. ಅದರ ಮೇಲೆ, ಸಕಾಲದಲ್ಲಿ ಚಿಕಿತ್ಸೆಯಿಲ್ಲದೆ ಮಂದವಾದ ಕಿವಿಯೂ, ಕನ್ನಡಕವಿಲ್ಲದೆ ಹಿಂದುಳಿದ ಓದೂ ಯಾವ ಖಾತೆಯಲ್ಲಿಯೂ ಕಾಣುವುದಿಲ್ಲ.

ಕಾನೂನಿಗಿಂತ ದೊಡ್ಡ ಗೋಡೆ ಭಯ. ಸರ್ಕಾರಕ್ಕೆ ಹೊರೆಯಾಗಬಹುದಾದವರನ್ನು ತಡೆಯುವ ‘ಪಬ್ಲಿಕ್ ಚಾರ್ಜ್’ ಎಂಬ ನಿಯಮವು ಅಲ್ಲಿ 1882ರಷ್ಟು ಹಳೆಯದು. 2019ರಲ್ಲಿ ಅದನ್ನು ಬಿಗಿಗೊಳಿಸಲಾಯಿತು. ಇಪ್ಪತ್ತೊಂದು ವರ್ಷದೊಳಗಿನವರು ಪಡೆದ ಮೆಡಿಕೇಡನ್ನು ಆ ನಿಯಮವೂ ಎಣಿಕೆಗೆ ತೆಗೆದುಕೊಂಡಿರಲಿಲ್ಲ. ಆದರೂ ಸುದ್ದಿ ಕೇಳಿ ಹೆದರಿದ ತಂದೆತಾಯಿಗಳು ಅಲ್ಲಿಯೇ ಹುಟ್ಟಿದ, ಪೂರ್ಣ ಪ್ರಜೆಗಳಾದ ಮಕ್ಕಳನ್ನೂ ಯೋಜನೆಯಿಂದ ದೂರವಿಟ್ಟರು. 2021ರಲ್ಲಿ ಆ ನಿಯಮ ರದ್ದಾಯಿತು, ಭಯ ರದ್ದಾಗಲಿಲ್ಲ. ಬೆದರಿಕೆಗೆ ತಿದ್ದುಪಡಿಯನ್ನು ಹೊರಡಿಸಬಹುದು, ಕಳೆದುಹೋದ ಲಸಿಕೆಯ ಕಾಲವನ್ನು ಹಿಂದಕ್ಕೆ ತರಲಾಗದು.

ಇನ್ನು ನಮ್ಮವರ ಮಾತು. ಒಳ್ಳೆಯ ನೌಕರಿಯೊಡನೆ ಕಂಪನಿಯ ವಿಮೆಯನ್ನೂ ಪಡೆದು ಅಲ್ಲಿ ನೆಲೆಸಿದ ಕೆಲವರು, “ನಾವು ಯಾರ ಮುಂದೆಯೂ ಕೈ ಚಾಚಲಿಲ್ಲ, ಇವರೇಕೆ ಚಾಚಬೇಕು?” ಎನ್ನುವುದುಂಟು. ಅವರ ವಿಮೆಯನ್ನು ಅವರ ಮಾಲಿಕನು ಕೊಟ್ಟನು, ಅದಕ್ಕೆ ತೆರಿಗೆಯ ವಿನಾಯಿತಿಯನ್ನು ಅದೇ ಸರ್ಕಾರ ಕೊಟ್ಟಿತು. ಉಳ್ಳವನು ಪಡೆದರೆ ಸೌಲಭ್ಯ, ಇಲ್ಲದವನು ಪಡೆದರೆ ಭಿಕ್ಷೆ ಎಂಬುದು ಯಾವ ನೀತಿ? ನೌಕರಿ ಹೋದ ತಿಂಗಳಲ್ಲಿ ಆ ವಿಮೆಯೂ ಹೋಗುವುದೆಂಬುದನ್ನು ಅವರು ಮರೆಯದಿರಲಿ.

ಔಷಧದಾನಕ್ಕೆ ಹಣ ಎತ್ತಿಡುವ ಬಸದಿಗಳ ಟ್ರಸ್ಟುಗಳು ರೋಗಿಯು ಊರಿಗೆ ಬಂದು ಎಷ್ಟು ವರ್ಷವಾಯಿತೆಂದು ವಿಚಾರಿಸುವುದಿಲ್ಲ. ಆದರೆ ದಾನದಿಂದ ಒಬ್ಬ ರೋಗಿಗೆ ಮದ್ದು ಸಿಗಬಹುದು, ಎಲ್ಲ ಮಕ್ಕಳಿಗೂ ವೈದ್ಯರು ಸಿಗುವುದು ಕಾನೂನಿನಿಂದಲೇ. ಅಮೆರಿಕದಲ್ಲಿ ಮತದಾನದ ಹಕ್ಕುಳ್ಳ ನಮ್ಮ ಬಂಧುಗಳು ತಮ್ಮ ರಾಜ್ಯವು 2009ರ ಅವಕಾಶವನ್ನು ಒಪ್ಪಿದೆಯೆ ಎಂದು ಮೊದಲು ಕೇಳಲಿ. ಒಪ್ಪದಿದ್ದರೆ ಏಕೆಂದು ಪ್ರತಿನಿಧಿಗಳನ್ನು ಪ್ರಶ್ನಿಸಲಿ. ಅಲ್ಲಿನ ಮಂದಿರಗಳು ಅರ್ಜಿ ತುಂಬಿಸಲು ಅರಿತವರನ್ನು ಕೂರಿಸಿ, ಹೆದರಿದ ತಾಯಿಗೆ ನಿಯಮವನ್ನು ಅವಳ ಭಾಷೆಯಲ್ಲಿ ತಿಳಿಸಲಿ. ಹುಬ್ಬಳ್ಳಿಯಲ್ಲಿ ಹುಟ್ಟಿದ್ದು ಆ ಹುಡುಗನ ಅಪರಾಧವಲ್ಲ. ಅದಕ್ಕಾಗಿ ಅವನ ಕಿವಿ ಐದು ವರ್ಷ ಕಾಯಬೇಕಾಗಿಲ್ಲ.