ಎಲೆಮರೆಯ ಕಾಯಿ ಎನ್ನಬೇಡಿ

ಕಳೆದ ಶಿಕ್ಷಕರ ದಿನಾಚರಣೆಯಂದು ನಮ್ಮ ಸಾಗರದಲ್ಲಿ ನಿವೃತ್ತ ಅಕ್ಕೋರೊಬ್ಬರಿಗೆ ಸನ್ಮಾನವಿತ್ತು. ಮೂವತ್ತೆರಡು ವರ್ಷ ಮಕ್ಕಳಿಗೆ ಪ್ರಾರ್ಥನೆ, ನಾಡಗೀತೆ, ಭಾವಗೀತೆ ಹೇಳಿಕೊಟ್ಟವರು. ಈ ಊರಿನಲ್ಲಿ ನಲವತ್ತು ದಾಟಿದವರ ಗಂಟಲಿನಲ್ಲಿ ಒಂದಿಷ್ಟಾದರೂ ಶ್ರುತಿ ಉಳಿದಿದ್ದರೆ ಅದು ಅವರು ಹಾಕಿದ ಭಿಕ್ಷೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋ ತೆಗೆದರು. ಭಾಷಣ ಮಾಡಿದ ಮಹನೀಯರು ಮೂರು ಸಲ ಹೇಳಿದರು, "ಇವರು ಎಲೆಮರೆಯ ಕಾಯಿಯಂತೆ ಬಾಳಿದವರು" ಎಂದು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮನೆಗೆ ಬಂದು ಸೀರೆ ಬದಲಿಸಿ, ಕುಕ್ಕರ್ ಇಟ್ಟು ನಿಂತಾಗ ಹೊಳೆಯಿತು: ಒಂದೂವರೆ ಗಂಟೆಯ ಆ ಸಭೆಯಲ್ಲಿ ಒಬ್ಬರಾದರೂ ಆಕೆಯನ್ನು "ಒಂದು ಹಾಡು ಹೇಳಿ ಅಕ್ಕೋರೇ" ಎಂದು ಕೇಳಲಿಲ್ಲ!

ಕುಕ್ಕರ್ ಕೂಗುವ ಮೊದಲೇ ನನಗೆ ಸಿಟ್ಟು ಬಂದಿತ್ತು.

ಈ ಸಿಟ್ಟಿಗೆ ಇನ್ನೊಂದು ಹಿನ್ನೆಲೆಯಿದೆ. ಹೇಳಿದರೆ ನೀವು ನಗಬಹುದು. ಕೆಲವು ತಿಂಗಳಿಂದ ನಾನು ಇಂಗ್ಲಿಷಿನ ಪಾಪ್, ರಾಕ್ ಹಾಡುಗಳನ್ನು ಕೇಳುತ್ತಿದ್ದೇನೆ. ದಸರೆಯ ರಜೆಗೆ ಬಂದ ಮಗಳು ನನ್ನ ಕಿವಿಗೆ ಅದೇನೋ ಸಿಕ್ಕಿಸಿ, "ಇದನ್ನ ಕೇಳಮ್ಮ, ನಿನಗೆ ಹಿಡಿಸತ್ತೆ" ಎಂದಳು. ಹಿಡಿಸಿತು. ಒಂದರ ಹಿಂದೆ ಒಂದು ಹುಡುಕಿಕೊಂಡು ಹೋದೆ. ಆಲ್ಬಂ ಎಂದರೆ ಬಿಡಿ ಹಾಡಲ್ಲ, ನೋಡಿ. ಕವಿಯೊಬ್ಬ ಕವನ ಸಂಕಲನ ತರುವ ಹಾಗೆ, ಹತ್ತು ಹನ್ನೆರಡು ಹಾಡುಗಳನ್ನು ಯಾವುದರ ಹಿಂದೆ ಯಾವುದು ಎಂದು ಯೋಚಿಸಿ ಜೋಡಿಸಿದ ಮುದ್ರಿಕೆ. ನಾನು ಕೇಳಿದ್ದರಲ್ಲಿ ಹೆಚ್ಚಿನವು ಯಾರಿಗೂ ಗೊತ್ತಿಲ್ಲದವು; ಅವುಗಳಲ್ಲೂ ಹೆಂಗಸರು ಮಾಡಿದವು.

ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ ನಮ್ಮ ಗಣಿತದ ಮೇಷ್ಟ್ರು, ನಿಜಕ್ಕೂ ಒಳ್ಳೆಯ ಮನುಷ್ಯ, ಟೀ ಹೀರುತ್ತ ಹೇಳಿದರು: "ಬೀಟಲ್ಸ್ ಅಂದ್ರೆ ನಾವೂ ಕೇಳಿದೀವಿ ಮೇಡಂ. ಇವರ ಹೆಸರು ಯಾರೂ ಕೇಳಿಲ್ಲ. ಚೆನ್ನಾಗಿದ್ದಿದ್ರೆ ತಾನಾಗೇ ಹೆಸರು ಬರ್ತಿತ್ತಲ್ವಾ?"

ಆಗ ಗಂಟೆ ಹೊಡೆಯಿತು, ಉತ್ತರ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮೇಷ್ಟ್ರೇ, ನಿಮ್ಮ ವಿಷಯದಿಂದಲೇ ಶುರು ಮಾಡೋಣ. 1970ರಲ್ಲಿ ಅಮೆರಿಕದಲ್ಲಿ 'ಪ್ಯಾರಲಲೋಗ್ರಾಮ್ಸ್' ಎಂಬ ಆಲ್ಬಂ ಬಂತು. ಅಂದರೆ ನೀವು ಎಂಟನೆಯ ತರಗತಿಗೆ ಕಲಿಸುವ ಸಮಾಂತರ ಚತುರ್ಭುಜಗಳು! ಹಾಡಿದವಳು ಲಿಂಡಾ ಪರ್ಹಾಕ್ಸ್, ಕ್ಯಾಲಿಫೋರ್ನಿಯಾದಲ್ಲಿ ದಂತವೈದ್ಯರ ಬಳಿ ಹಲ್ಲು ಶುಚಿ ಮಾಡುವ ಕೆಲಸದವಳು. ಅಲ್ಲಿಗೆ ಬರುತ್ತಿದ್ದ ಲಿಯೊನಾರ್ಡ್ ರೋಸೆನ್‌ಮನ್ ಎಂಬ ಸಿನಿಮಾ ಸಂಗೀತಗಾರನಿಗೆ ಈಕೆ ಹಾಡು ಕಟ್ಟುವುದು ತಿಳಿದು, ಆತನೇ ಮುಂದೆ ನಿಂತು ಮುದ್ರಿಸಿದ. ಹೆಸರಿನ ಹಾಡಿನಲ್ಲಿ ಈಕೆಯ ಒಂದೇ ಕಂಠ ನಾಲ್ಕಾರು ಎಳೆಯಾಗಿ ಒಂದರ ಮೇಲೊಂದು ಹೆಣೆದುಕೊಳ್ಳುತ್ತದೆ. ನಡುವೆ ರಾಗವೇ ಕರಗಿ ಬರೀ ನಾದದ ಚೂರುಗಳು ತೇಲುತ್ತವೆ. ಮತ್ತೆ ಮೆಲ್ಲಗೆ ಹೆಣಿಗೆ ಕೂಡಿಕೊಳ್ಳುತ್ತದೆ. ಮೊದಲ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು.

ಆಮೇಲೆ ಏನಾಯಿತು ಗೊತ್ತೇ? ತಟ್ಟೆಯನ್ನು ಅಚ್ಚು ಹಾಕುವಾಗಲೇ ಧ್ವನಿಯ ಮೇಲಿನ ತುದಿ, ಕೆಳಗಿನ ತುದಿ ಎರಡನ್ನೂ ಚಪ್ಪಟೆ ಮಾಡಿಬಿಟ್ಟರು. ಕಂಪನಿ ಪ್ರಚಾರವನ್ನೂ ಮಾಡಲಿಲ್ಲ. ಲಿಂಡಾ ಸುಮ್ಮನೆ ಹಲ್ಲಿನ ಕೆಲಸಕ್ಕೆ ಮರಳಿದಳು. ಎರಡನೆಯ ಆಲ್ಬಂ ಬಂದದ್ದು 2014ರಲ್ಲಿ, ನಲವತ್ತನಾಲ್ಕು ವರ್ಷದ ನಂತರ. ಹಾಡು ಚೆನ್ನಾಗಿರಲಿಲ್ಲವೆಂದು ಜನ ಬಿಟ್ಟದ್ದಲ್ಲ ಮೇಷ್ಟ್ರೇ, ಹಾಡು ಜನರನ್ನು ತಲುಪಲೇ ಇಲ್ಲ. ಉತ್ತರ ಪತ್ರಿಕೆಯ ಕಟ್ಟನ್ನೇ ಬಿಚ್ಚದೆ "ಈ ಹುಡುಗಿ ಫೇಲು" ಎಂದರೆ ನೀವು ಒಪ್ಪುತ್ತೀರಾ?

ಇನ್ನೊಬ್ಬಳು ಇಂಗ್ಲೆಂಡಿನ ವಾಷ್ಟಿ ಬನ್ಯನ್. 1968ರಲ್ಲಿ ಕುದುರೆ ಗಾಡಿ ಕಟ್ಟಿಕೊಂಡು ಸಂಗಾತಿಯ ಜೊತೆ ಲಂಡನ್ ಬಿಟ್ಟು ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳ ಕಡೆ ಹೊರಟಳು. ತಲುಪಲು ವರ್ಷಕ್ಕೂ ಮಿಕ್ಕಿ ಹಿಡಿಯಿತು. ದಾರಿಯಲ್ಲಿ ಕಟ್ಟಿದ ಹಾಡುಗಳೇ 1970ರ 'ಜಸ್ಟ್ ಅನದರ್ ಡೈಮಂಡ್ ಡೇ'. ಇದರಲ್ಲಿ ಎಲ್ಲವೂ ನನಗೆ ಮೆಚ್ಚುಗೆಯಲ್ಲ. ಒಂದೆರಡು ಹಾಡು ತೀರ ಶಿಶುಪ್ರಾಸದ ಹಾಗಿವೆ. ಆದರೆ ಬೆಳಗಿನ ಐದು ಗಂಟೆಗೆ, ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ಕೇಳಿ ನೋಡಿ. ತೊಟ್ಟಿಲಲ್ಲಿ ಮಲಗಿದ ಕೂಸನ್ನು ಎಬ್ಬಿಸಬಾರದು ಎನ್ನುವಷ್ಟು ಮೆಲುದನಿ. ಆ ಮೆಲುದನಿಯಲ್ಲಿ ಅಳುಕಿಲ್ಲ, ನಾಟಕವಿಲ್ಲ. ಆಲ್ಬಂ ಮಾರಾಟವಾಗಲಿಲ್ಲ. ಈಕೆ ಗಿಟಾರನ್ನು ಬದಿಗಿಟ್ಟು ಮೂರು ಮಕ್ಕಳನ್ನು ಸಾಕಿದಳು. 1990ರ ದಶಕದ ಕೊನೆಗೆ ಕಂಪ್ಯೂಟರಿನಲ್ಲಿ ತನ್ನ ಹೆಸರನ್ನೇ ಹುಡುಕಿದಾಗ, ಆ ಮುದ್ರಿಕೆಗಾಗಿ ಯಾರ್ಯಾರೋ ಹುಡುಕಾಡುತ್ತಿದ್ದುದು ತಿಳಿಯಿತು. 2000ದಲ್ಲಿ ಅದು ಮರುಮುದ್ರಣವಾಯಿತು. 2005ರಲ್ಲಿ ಎರಡನೆಯ ಆಲ್ಬಂ 'ಲುಕ್‌ಆಫ್ಟರಿಂಗ್' ಬಂತು. ಅರವತ್ತರ ಆ ದನಿ ಇಪ್ಪತ್ತೈದರ ದನಿಗಿಂತ ನನಗೆ ಹೆಚ್ಚು ಇಷ್ಟ. ಆದರೆ ನಡುವಿನ ಮೂವತ್ತೈದು ವರ್ಷದ ಹಾಡುಗಳು ಎಲ್ಲಿ? ಯಾರನ್ನು ಕೇಳೋಣ?

ಜರ್ಮನಿಯ ಸಿಬಿಲ್ ಬೈಯರ್ ಕಂಪನಿಯ ಮೆಟ್ಟಿಲನ್ನೇ ಹತ್ತಲಿಲ್ಲ. 1970ರಿಂದ 1973ರವರೆಗೆ ಮನೆಯಲ್ಲೇ ಟೇಪ್ ರೆಕಾರ್ಡರ್ ಇಟ್ಟುಕೊಂಡು ಹಾಡಿದಳು. ಮುಂದೆ ಅಮೆರಿಕಕ್ಕೆ ಹೋಗಿ ಸಂಸಾರ ಮಾಡಿದಳು. ಮೂವತ್ತು ವರ್ಷವಾದ ಮೇಲೆ ಮಗ ಆ ಟೇಪುಗಳಿಂದ ಮನೆಯವರಿಗೆಂದು ಒಂದು ಸಿಡಿ ಮಾಡಿದ. ಅದು ಕೈಯಿಂದ ಕೈಗೆ ಹೋಗಿ 2006ರಲ್ಲಿ 'ಕಲರ್ ಗ್ರೀನ್' ಎಂಬ ಆಲ್ಬಂ ಆಯಿತು. ಬಹುಪಾಲು ಬರೀ ಗಿಟಾರು, ಬರೀ ಕಂಠ. ಎಲ್ಲರೂ ಮಲಗಿದ ಮೇಲೆ ಮನೆ ಹೇಗೆ ಉಸಿರಾಡುತ್ತದೆಯೋ ಹಾಗಿದೆ. ಸತ್ಯ ಹೇಳಬೇಕೆಂದರೆ ಕೊನೆಗೆ ಬರುವಷ್ಟರಲ್ಲಿ ಎಲ್ಲ ಒಂದೇ ಬಣ್ಣ ಎನಿಸಿ, ಯಾರಾದರೂ ಒಂದು ಮದ್ದಳೆ ಬಾರಿಸಬಾರದೇ ಎಂದುಕೊಳ್ಳುತ್ತೇನೆ. ಆದರೂ ಮಾರನೆಯ ರಾತ್ರಿ ಮತ್ತೆ ಅದನ್ನೇ ಹಾಕುತ್ತೇನೆ.

"ಇವರೆಲ್ಲ ನಾಚಿಕೆಯವರು, ಮನೆ ಹಿಡಿದವರು, ಅದಕ್ಕೇ ಹಾಗಾಯಿತು" ಎನ್ನುವಿರಾ? ಹಾಗಾದರೆ 'ಫ್ಯಾನಿ' ತಂಡದ ಕಥೆ ಕೇಳಿ. ಮನಿಲಾದಲ್ಲಿ ಹುಟ್ಟಿ 1961ರಲ್ಲಿ ಅಮೆರಿಕಕ್ಕೆ ಬಂದ ಅಕ್ಕತಂಗಿಯರು ಜೂನ್ ಮತ್ತು ಜೀನ್ ಮಿಲ್ಲಿಂಗ್ಟನ್. ಇವರೊಂದಿಗೆ ಪಿಯಾನೋಗೆ ಒಬ್ಬಳು, ಡ್ರಮ್ಸಿಗೆ ಒಬ್ಬಳು. ಹೆಂಗಸರೇ ಕಟ್ಟಿದ ರಾಕ್ ತಂಡಗಳಲ್ಲಿ ದೊಡ್ಡ ಕಂಪನಿಯಿಂದ ಇಡೀ ಆಲ್ಬಂ ತಂದ ಮೊದಲಿಗರ ಸಾಲಿನವರು. 1970ರಿಂದ 1974ರೊಳಗೆ ಒಂದಲ್ಲ ಎರಡಲ್ಲ, ಐದು ಆಲ್ಬಂ! 1971ರ 'ಚಾರಿಟಿ ಬಾಲ್' ಹಾಕಿ ಕಸ ಗುಡಿಸಿ ನೋಡಿ, ಪೊರಕೆ ತಾನೇ ಕುಣಿಯುತ್ತದೆ. ಜೂನ್‌ಳ ಗಿಟಾರಿನಲ್ಲಿ ಒಣ ಪ್ರದರ್ಶನವಿಲ್ಲ. ಎಷ್ಟು ಬೇಕೋ ಅಷ್ಟೇ ನುಡಿಸಿ ನಿಲ್ಲುತ್ತದೆ. ಇವರ ಮೇಲೆ ಯಾವ ಎಲೆಯಿತ್ತು? ವೇದಿಕೆ ಹತ್ತಿ ಕಿವಿ ಗಡಚಿಕ್ಕುವಂತೆ ನುಡಿಸಿದರು. ನೋಡಿದವರು "ಪರವಾಗಿಲ್ಲವೇ, ಹುಡುಗಿಯರೂ ನುಡಿಸುತ್ತಾರೆ" ಎಂದು ಬೆರಗಾಗಿ, ಆ ಬೆರಗಿನಲ್ಲೇ ಕೇಳುವುದನ್ನು ಮರೆತರು. 1999ರಲ್ಲಿ ಪ್ರಖ್ಯಾತ ಗಾಯಕ ಡೇವಿಡ್ ಬೋವಿ ಸಂದರ್ಶನವೊಂದರಲ್ಲಿ, ಇಂಥ ತಂಡವನ್ನು ಯಾರೂ ನೆನೆಯುವುದಿಲ್ಲವಲ್ಲ ಎಂದು ಮರುಗಬೇಕಾಯಿತು. ಹೆಣ್ಣಿನ ಸಾಧನೆ ಸೋಜಿಗವಾಗಿಬಿಟ್ಟರೆ ಆಮೇಲೆ ಅದು ಸಂಗೀತವಾಗಿ ಉಳಿಯುವುದಿಲ್ಲ. ಸರ್ಕಸ್ಸಿನ ಆನೆ ಸ್ಟೂಲಿನ ಮೇಲೆ ಕೂತಿದ್ದನ್ನು ನೋಡಿ ಎದ್ದು ಬರುತ್ತೇವಲ್ಲ, ಹಾಗೆ.

ನಮ್ಮ ದೇಶದ್ದೂ ಒಂದಿದೆ. ರೂಪಾ ಬಿಸ್ವಾಸ್ ಎಂಬ ಬಂಗಾಳಿ ಹುಡುಗಿ ಕೆನಡಾದ ಕ್ಯಾಲ್ಗರಿಯಲ್ಲಿದ್ದ ಅಣ್ಣನ ಮನೆಗೆ ಹೋದಾಗ ಅಲ್ಲಿಯೇ ಹಾಡಿ ಮುದ್ರಿಸಿದ್ದು 'ಡಿಸ್ಕೋ ಜಾಝ್'. 1982ರಲ್ಲಿ ಬಂತು. ನಾಲ್ಕೇ ಹಾಡು. ಡಿಸ್ಕೋ ತಾಳದ ಜೊತೆ ಆಶಿಶ್ ಖಾನರ ಸರೋದ್! ಅದರಲ್ಲೊಂದು 'ಆಜ್ ಶನಿಬಾರ್', ಇಂದು ಶನಿವಾರ ಎಂದರ್ಥ. ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನ ಮನೆಗೆ ಬರುವ ನಮ್ಮಂಥ ಮೇಷ್ಟರುಗಳಿಗೆ ಶನಿವಾರದ ಹಗುರ ಏನೆಂದು ಗೊತ್ತು. ಹಾಡಿನಲ್ಲಿ ಆ ಹಗುರವಿದೆ. ಇದೂ ಮಾರಾಟವಾಗಲಿಲ್ಲ, ಆಕೆ ಮನೆವಾರ್ತೆಯಲ್ಲಿ ಮುಳುಗಿದರು. ದಶಕಗಳ ನಂತರ, ಮನೆಯಲ್ಲಿದ್ದ ಹಳೆಯ ಪ್ರತಿಯನ್ನು ಕಂಡು ಮಗ ವಿಚಾರಿಸಿದರೆ, ಹೊರದೇಶಗಳಲ್ಲಿ ಸಂಗ್ರಹಕಾರರು ಅದಕ್ಕೆ ನೂರಾರು ಡಾಲರ್ ಕೊಡುತ್ತಿದ್ದರಂತೆ! 2019ರಲ್ಲಿ ಅದು ಮರುಮುದ್ರಣವಾಯಿತು.

ಆ ಸಂಗ್ರಹಕಾರರಿಗೂ ನನ್ನದೊಂದು ಮಾತಿದೆ. ಯಾರೂ ಕೇಳದ್ದರಿಂದ ತಟ್ಟೆ ಅಪರೂಪವಾಯಿತು, ಅಪರೂಪವಾದ್ದರಿಂದ ಬೆಲೆ ಏರಿತು, ಆ ಬೆಲೆಯಲ್ಲಿ ಹಾಡಿದವಳಿಗೆ ಕವಡೆಯೂ ಇಲ್ಲ. "ಕಳೆದುಹೋದ ನಿಧಿ" ಎನ್ನುತ್ತಾರೆ ಇವರು. ಕಳೆದುಹೋಗಲು ಅದೇನು ಜಾತ್ರೆಯಲ್ಲಿ ಕೈಬಿಟ್ಟ ಮಗುವೇ? ಹಾಡಿದವಳು ತನ್ನ ಮನೆಯಲ್ಲೇ ಇದ್ದಳಲ್ಲ, ಅನ್ನ ಮಾಡಿಕೊಂಡು!

ಯಾರಿಗೂ ಗೊತ್ತಿಲ್ಲದ್ದೆಲ್ಲ ಒಳ್ಳೆಯದು ಎಂದು ನಾನು ವಾದಿಸುತ್ತಿಲ್ಲ. ಅರ್ಧಕ್ಕೇ ನಿಲ್ಲಿಸಿದ ಆಲ್ಬಂಗಳೂ ಹತ್ತಾರಿವೆ. ಆದರೆ ಕೇಳಿ ಬಿಡುವುದು ಬೇರೆ, ಕೇಳದೆ ಬಿಡುವುದು ಬೇರೆ. ಕಾಯಿ ತಾನಾಗಿ ಎಲೆಯ ಹಿಂದೆ ಅಡಗುವುದಿಲ್ಲ. ಕೈಚಾಚಿ ಎಲೆ ಸರಿಸದವರು, ತಮ್ಮ ಸೋಮಾರಿತನವನ್ನು ಆಕೆಯ ವಿನಯವೆಂದು ಹೊಗಳಿ, ಶಾಲು ಹೊದಿಸುತ್ತಾರೆ. ಅಷ್ಟೇ ಆ ನುಡಿಗಟ್ಟಿನ ಅರ್ಥ.

ಇಷ್ಟು ಜೋರು ಮಾಡುವ ನಾನೇನು ಸಾಚಾ? ಇಲ್ಲ. ನನ್ನಮ್ಮ ಹಸೆಹಾಡು ಹಾಡುತ್ತಿದ್ದಳು. ಸುತ್ತಿನ ನಾಲ್ಕು ಹಳ್ಳಿಯ ಮದುವೆಗಳಿಗೆ ಅಮ್ಮ ಬೇಕಿತ್ತು. 1986ರಲ್ಲಿ ಅಣ್ಣ ಬೆಂಗಳೂರಿನಿಂದ ಟೇಪ್ ರೆಕಾರ್ಡರ್ ತಂದು, ಜಗಲಿಯಲ್ಲಿ ಕೂರಿಸಿ, ಒಂದು ಕ್ಯಾಸೆಟ್ಟಿನ ಎರಡೂ ಬದಿ ಹಾಡಿಸಿದ. ಆ ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಚೌಕಗಳಿರುತ್ತಿದ್ದವು, ನೆನಪಿದೆಯೇ? ಅವನ್ನು ಮುರಿದರೆ ಮತ್ತೆ ಅದರ ಮೇಲೆ ಮುದ್ರಿಸಲು ಬರುತ್ತಿರಲಿಲ್ಲ. ನಾವು ಮುರಿಯಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ರಜೆಯಲ್ಲಿ ರೇಡಿಯೋದ ಚಿತ್ರಗೀತೆ ಹಿಡಿಯಲು ಖಾಲಿ ಕ್ಯಾಸೆಟ್ ಇರಲಿಲ್ಲ. ಅಮ್ಮನ ಹಾಡಿನ ಮೇಲೆ ನಾನೇ ಮುದ್ರಿಸಿದೆ. ಎರಡೂ ಬದಿ. ಗೊತ್ತಾದಾಗ ಅಮ್ಮ, "ಹೋಗ್ಲಿ ಬಿಡೇ, ನನ್ನದೇನು ಮಹಾ" ಎಂದಳು. 2003ರಲ್ಲಿ ಹೋಗಿಬಿಟ್ಟಳು. ಈಗ ಅವಳ ಯಾವ ಹಾಡೂ ನನಗೆ ಎರಡು ಸಾಲಿನಾಚೆ ಬರುವುದಿಲ್ಲ. ಆ ಚಿತ್ರಗೀತೆಗಳೋ, ಇವತ್ತಿಗೂ ದಿನಕ್ಕೆರಡು ಬಾರಿ ಎಲ್ಲೋ ಒಂದು ಕಡೆ ಕೇಳಿಸುತ್ತವೆ.

"ನನ್ನದೇನು ಮಹಾ." ನಮ್ಮ ಮೇಲೆ ನಾವೇ ಎಳೆದುಕೊಳ್ಳುವ ಎಲೆ ಇದು. ಅದನ್ನು ವಿನಯವೆಂದು ನಮಗೆ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ನಾನೂ ತರಗತಿಯಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಕಲಿಸಿದೆನೋ! ಇನ್ನು ಕಲಿಸುವುದಿಲ್ಲ. ಇಂದು ಎಲ್ಲರ ಕೈಯಲ್ಲೂ ಫೋನಿದೆ. ನಿಮ್ಮ ಅತ್ತೆಯದೋ, ಚಿಕ್ಕಮ್ಮನದೋ, ಪಕ್ಕದ ಮನೆಯಾಕೆಯದೋ ಹಾಡನ್ನು ಹಿಡಿದಿಡಿ. ಹೆಸರು, ಊರು, ತಾರೀಖು ಬರೆಯಿರಿ. ಸಾಧ್ಯವಾದರೆ ನಿಮ್ಮದನ್ನೂ. ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಕೇಳಿದವರು ಹೇಳಲಿ. ಕೇಳುವುದಕ್ಕಾದರೂ ಒಂದು ಇರಬೇಕಲ್ಲ?

ಸನ್ಮಾನವಾದ ವಾರದ ಶನಿವಾರ ಬೆಳಗಿನ ಶಾಲೆ ಮುಗಿಸಿ ಆ ಅಕ್ಕೋರ ಮನೆಗೆ ಹೋದೆ. ಹಣ್ಣಿನ ಬುಟ್ಟಿ ಹಾಗೇ ಮೇಜಿನ ಮೇಲಿತ್ತು. "ಒಂದು ಹಾಡು ಹೇಳಿ" ಎಂದೆ. "ಈ ವಯಸ್ಸಲ್ಲಿ ಯಾರೇ ಕೇಳ್ತಾರೆ ನನ್ನ ಹಾಡ?" ಎಂದರು. "ನಾನು ಕೇಳ್ತೀನಿ ಅಕ್ಕೋರೇ, ಅದಕ್ಕೇ ಬಂದಿದೀನಿ" ಎಂದು ಫೋನನ್ನು ಬುಟ್ಟಿಗೆ ಒರಗಿಸಿಟ್ಟೆ. ಒಂದಲ್ಲ, ಏಳು ಹಾಡಿದರು. ನಡುವೆ ಎರಡು ಸಲ ಕೆಮ್ಮಿದರು. ಕೆಮ್ಮನ್ನೂ ನಾನು ಅಳಿಸಿಲ್ಲ.