ಮಡಿಲು ಆಸನವಲ್ಲ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ನಾನು ಎಂದಿನಂತೆ ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ನಾಲ್ಕು ಮಾತು ಬರೆದುಕೊಡುವೆನೆಂದು ಅವರು ಭಾವಿಸಿದ್ದರೆ ಅದು ಸಹಜವೇ. ಬಹುಕಾಲದಿಂದ ಅದನ್ನೇ ಬರೆಯುತ್ತ ಬಂದಿದ್ದೇನೆ. ಈ ಸಲ ಮೋಟಾರು ಕಾರಿನ ಬೆಲ್ಟನ್ನು ಕುರಿತು, ಅದರಲ್ಲಿಯೂ ಎಳೆಯ ಮಕ್ಕಳನ್ನು ಕಾರಿನಲ್ಲಿ ಕೂಡಿಸುವ ಬಗೆಯನ್ನು ಕುರಿತು ಬರೆಯಬೇಕೆನಿಸಿದೆ. ಕಾರು ಓಡಿಸಲು ಬಾರದ ಕನ್ನಡ ಪಂಡಿತನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವೇನೂ ಇಲ್ಲ, ತಪ್ಪು ಮಾಡಿದವನ ಅನುಭವವೊಂದಿದೆ.

2021ರ ಡಿಸೆಂಬರ್ ತಿಂಗಳು. ಬಂಧುಗಳ ಮನೆಯ ಮದುವೆಗೆಂದು ಅಳಿಯಂದಿರ ಕಾರಿನಲ್ಲಿ ಧಾರವಾಡದಿಂದ ಬೆಳಗಾವಿಗೆ ಹೊರಟಿದ್ದೆವು. ಮೊಮ್ಮಗಳಿಗೆ ಆಗ ಹನ್ನೊಂದು ತಿಂಗಳು. ಅವಳಿಗಾಗಿ ಕೊಂಡ ಸೀಟೊಂದನ್ನು ಕಾರಿನ ಹಿಂಬದಿಯಲ್ಲಿ ಬಿಗಿದಿದ್ದರು. "ಅಪ್ಪಾ, ಆಕೀನ್ನ ಅದರಾಗ ಕೂಡಸೂಣ್ರಿ" ಎಂದಳು ಮಗಳು. "ಎಳೀ ಕೂಸನ್ನ ಕರಾ ಕಟ್ಟಿಧಾಂಗ ಕಟ್ಟತೀರೇನು? ಅಜ್ಜನ ತೊಡಿ ಇರೂದ್ಯಾಕ? ಕೊಡು ಇಲ್ಲೆ" ಎಂದು ಗದರಿ, ಕೂಸನ್ನು ಎತ್ತಿಕೊಂಡು ಮುಂದಿನ ಆಸನದಲ್ಲಿ ಕುಳಿತೆ. ಪೊಲೀಸರ ದಂಡಕ್ಕೆ ಹೆದರಿ ನನ್ನ ಬೆಲ್ಟನ್ನು ಮಾತ್ರ ಹಾಕಿಕೊಂಡೆ. ಕಿತ್ತೂರು ಇನ್ನೂ ಬಂದಿರಲಿಲ್ಲ, ಎಮ್ಮೆಯೊಂದು ರಸ್ತೆಗೆ ಅಡ್ಡ ಬಂದಿತು. ಅಳಿಯಂದಿರು ಬ್ರೇಕು ಒತ್ತಿದರು. ಅಪಘಾತವೆಂದು ಹೇಳುವಂಥದೇನೂ ಆಗಲಿಲ್ಲ. ಎಮ್ಮೆ ತನ್ನ ಪಾಡಿಗೆ ತಾನು ದಾಟಿಹೋಯಿತು. ಆದರೆ ಕೂಸು ನನ್ನ ಎರಡು ಕೈಗಳ ನಡುವಿನಿಂದ ಜಾರಿ, ಅದರ ಹಣೆ ಎದುರಿನ ಡ್ಯಾಶ್‌ಬೋರ್ಡಿಗೆ ಬಡಿದಿತ್ತು. ನಾಲ್ಕು ಹೊಲಿಗೆ ಬಿದ್ದವು. ಮಗಳು ನನಗೆ ಒಂದು ಮಾತನ್ನೂ ಆಡಲಿಲ್ಲ. ಆಸ್ಪತ್ರೆಯಿಂದ ಹೊರಡುವಾಗ ಕೂಸನ್ನು ತಾನೇ ಆ ಸೀಟಿನಲ್ಲಿ ಕೂಡಿಸಿ ಪಟ್ಟಿಗಳನ್ನು ಬಿಗಿದಳು. ಅವಳು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಡಿಲು, ಉಡಿ, ತೊಡೆ, ತೆಕ್ಕೆ – ಈ ಮಾತುಗಳಲ್ಲೆಲ್ಲ ಅಭಯದ ಅರ್ಥವೊಂದು ತಾನಾಗಿ ಬೆರೆತುಕೊಂಡಿದೆ. ಲೋಕದಲ್ಲಿ ಕೂಸಿಗೆ ಅದಕ್ಕಿಂತ ಭದ್ರವಾದ ತಾಣವಿಲ್ಲವೆಂದು ನಂಬಿದವರು ನಾವು. ಆ ನಂಬಿಕೆ ಸುಳ್ಳಲ್ಲ. ಅದು ಹುಟ್ಟಿದ್ದು ಚಕ್ಕಡಿಯ ಕಾಲದಲ್ಲಿ. ಎತ್ತಿನ ನಡಿಗೆಯಲ್ಲಿ ಸಾಗುವ ಬಂಡಿ ಎಷ್ಟು ಥಟ್ಟನೆ ನಿಂತರೂ ತಾಯಿಯ ತೋಳು ಕೂಸನ್ನು ಹಿಡಿದುಕೊಳ್ಳಬಲ್ಲದು. ವಾಹನ ಬದಲಾಯಿತು, ತೋಳು ಬದಲಾಗಲಿಲ್ಲ. ಇನ್ನು ಕಟ್ಟುವುದು ನಿರ್ದಯವೆಂಬ ನನ್ನ ಆಕ್ಷೇಪವಂತೂ ನಮ್ಮ ರೂಢಿಯನ್ನೇ ಮರೆತ ಮಾತು. ಹೊಲದ ಕೆಲಸಕ್ಕೆ ಹೋದ ತಾಯಂದಿರು ಮರದ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಿರಲಿಲ್ಲವೇ? ಬೆನ್ನಿಗೆ ಬಿಗಿದುಕೊಂಡು ದಾರಿ ನಡೆಯುತ್ತಿರಲಿಲ್ಲವೇ? ಪಂಡಿತನ ಚಪಲಕ್ಕೆ ಇನ್ನೊಂದು ಮಾತು: ಬಂಧನ, ಬಂಧು ಈ ಎರಡೂ ಪದಗಳು ಒಂದೇ ಧಾತುವಿನಿಂದ ಬಂದವು. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ, ಕಾರಿನಲ್ಲಿ ನೆನಪಾಗಲಿಲ್ಲ.

ಬಳಿಕ ವಿಜ್ಞಾನ ಶಿಕ್ಷಕರಾದ ನಮ್ಮ ಸಹೋದ್ಯೋಗಿಯೊಬ್ಬರು ಕರಿಹಲಗೆಯ ಮೇಲೆ ನನಗೊಂದು ಲೆಕ್ಕ ಮಾಡಿ ತೋರಿಸಿದರು. ಗಂಟೆಗೆ 50 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿರುವ ಕಾರು ಢಿಕ್ಕಿಯಾಗಿ ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ನಿಂತರೆ, 10 ಕಿಲೋ ತೂಕದ ಕೂಸನ್ನು ತಡೆದು ಹಿಡಿಯಲು 140 ಕಿಲೋ ಭಾರವನ್ನು ಹಿಡಿಯುವಷ್ಟು ಬಲ ಬೇಕು. ತುಂಬಿದ ಜೋಳದ ಚೀಲವನ್ನು ಕುಳಿತಲ್ಲಿಯೇ ಚಾಚಿದ ಕೈಗಳಲ್ಲಿ ಹಿಡಿಯುವ ಗಂಡಾಳು ನಮ್ಮ ಊರಿನಲ್ಲಂತೂ ಇಲ್ಲ. ಅದೇ ವೇಗದ ಪೆಟ್ಟು ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರಂತಸ್ತಿನ ಮಾಳಿಗೆಯಿಂದ ಬಿದ್ದ ಪೆಟ್ಟಿಗೆ ಸಮ. ಎತ್ತಿಕೊಂಡವರು ಬೆಲ್ಟು ಹಾಕದಿದ್ದರೆ ಅವರ ಮೈಭಾರವೂ ಮುನ್ನುಗ್ಗಿ ಕೂಸು ನಡುವೆ ಅಪ್ಪಚ್ಚಿಯಾಗುತ್ತದೆ. ದೊಡ್ಡವರು ಮತ್ತು ಮಗು ಸೇರಿ ಒಂದೇ ಬೆಲ್ಟು ಹಾಕಿಕೊಳ್ಳುವುದರಲ್ಲಿಯೂ ಇದೇ ಅನಾಹುತವಿದೆ.

ಇಂದು ನಾವು ಹೆಗಲಿನಿಂದ ಸೊಂಟಕ್ಕೆ ಎಳೆದುಕೊಳ್ಳುವ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ರೂಪಿಸಿಕೊಟ್ಟವರು ಸ್ವೀಡನ್ ದೇಶದ ನಿಲ್ಸ್ ಬೋಲಿನ್. ಅದಕ್ಕೆ ಮೊದಲು ಅವರು ವಿಮಾನ ಚಾಲಕರನ್ನು ಆಸನಸಮೇತ ಹೊರಚಿಮ್ಮಿಸಿ ಉಳಿಸುವ ಸಾಧನದ ಕೆಲಸದಲ್ಲಿದ್ದವರು. ಅವರು ಸೇರಿದ್ದ ವೋಲ್ವೋ ಸಂಸ್ಥೆ ಈ ಬೆಲ್ಟಿನ ಪೇಟೆಂಟನ್ನು ತನಗೇ ಇಟ್ಟುಕೊಳ್ಳದೆ ಎಲ್ಲ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ದಾನಿಗಳು ಓದುವ ಸಂಚಿಕೆಯಾದ್ದರಿಂದ ಈ ಸಂಗತಿಯನ್ನು ಬೇಕೆಂದೇ ಬರೆಯುತ್ತಿದ್ದೇನೆ. ಎಳೆಯ ಮಕ್ಕಳನ್ನು ಕಾರಿನ ಹಿಂಬದಿಗೆ ಮುಖಮಾಡಿಸಿ ಕೂಡಿಸುವ ಸೀಟಿನ ವಿಚಾರವೂ 1960ರ ದಶಕದಲ್ಲಿ ಅದೇ ದೇಶದಲ್ಲಿ ಮೊಳೆಯಿತು.

ಹಿಂದಕ್ಕೆ ಮುಖಮಾಡಿಸುವುದೇಕೆಂದು ನಾನೂ ಕೇಳಿದ್ದೆ. ಕಾರಣ ಸರಳವಾಗಿದೆ. ನವಜಾತ ಶಿಶುವಿನ ತಲೆ ಅದರ ಮೈಯುದ್ದದ ನಾಲ್ಕನೆಯ ಒಂದು ಪಾಲು. ಕುತ್ತಿಗೆಯೋ ಇನ್ನೂ ಬಲಿಯದ್ದು. ಮುಂದಕ್ಕೆ ಮುಖಮಾಡಿ ಕುಳಿತ ಕೂಸಿನ ಮೈಯನ್ನು ಪಟ್ಟಿಗಳು ಹಿಡಿದರೂ ಆ ಭಾರದ ತಲೆ ಮುಂದಕ್ಕೆ ಜಗ್ಗಿ ಕುತ್ತಿಗೆಗೆ ಪೆಟ್ಟಾಗುತ್ತದೆ. ಹಿಂದಕ್ಕೆ ಮುಖವಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟಿನ ಬೆನ್ನು ಒಟ್ಟಿಗೆ ಆತುಕೊಳ್ಳುತ್ತದೆ. ಆದುದರಿಂದ ಸೀಟಿನ ಅಳತೆ ಮೀರುವವರೆಗೂ ಕೂಸು ಹಾಗೆಯೇ ಕೂಡಬೇಕು. ಆಮೇಲೆ ಮುಂದಕ್ಕೆ ಮುಖಮಾಡಿದ, ಹೆಗಲುಪಟ್ಟಿಗಳುಳ್ಳ ಸೀಟು; ಅದೂ ಚಿಕ್ಕದಾದರೆ ಮಗುವನ್ನು ಎತ್ತರಿಸಿ ಕೂಡಿಸುವ ಬೂಸ್ಟರ್ ಸೀಟು. ಸುಮಾರು ನಾಲ್ಕೂವರೆ ಅಡಿಯಿಂದ ಐದಡಿಯವರೆಗೆ ಬೆಳೆದ ಮಗುವಿಗೆ ಮಾತ್ರ ದೊಡ್ಡವರ ಬೆಲ್ಟು ಸರಿಹೊಂದುತ್ತದೆ. ಅಲ್ಲಿಯವರೆಗೆ ಅದು ಸೊಂಟದ ಎಲುಬಿನ ಮೇಲೆ ಕೂಡದೆ ಹೊಟ್ಟೆಯ ಮೇಲೆ, ಎದೆಯ ಮೇಲೆ ಕೂಡದೆ ಕುತ್ತಿಗೆಯ ಮೇಲೆ ಬರುತ್ತದೆ. ಕುತ್ತಿಗೆಗೆ ಉಜ್ಜುತ್ತದೆಂದು ಪಟ್ಟಿಯನ್ನು ಕಂಕುಳ ಕೆಳಗೆ ಇಳಿಬಿಡುವುದು ತೀರ ಅಪಾಯಕರ. ಮುಂದೆ ಏರ್‌ಬ್ಯಾಗು ಇರುವ ಆಸನದಲ್ಲಿ ಹಿಮ್ಮುಖದ ಸೀಟನ್ನು ಇಡಲೇಬಾರದು. ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಆ ಚೀಲ ಕೂಸಿನ ತಲೆಯ ಹಿಂಬದಿಗೆ ಅಪ್ಪಳಿಸುತ್ತದೆ. ಚಳಿಗಾಲದಲ್ಲಿ ದಪ್ಪ ಸ್ವೆಟರಿನ ಮೇಲೆ ಪಟ್ಟಿ ಬಿಗಿದರೆ ಬಿಗಿದಂತೆ ಕಾಣುವುದೇ ಹೊರತು ಬಿಗಿದಿರುವುದಿಲ್ಲ. ಮೊದಲು ಪಟ್ಟಿ, ಮೇಲೆ ಶಾಲು.

ಸರಿಯಾಗಿ ಬಳಸಿದರೆ ಬೆಲ್ಟು ಸಾವಿನ ಅಪಾಯವನ್ನು ಅರ್ಧದಷ್ಟರವರೆಗೆ ತಗ್ಗಿಸಬಲ್ಲದೆಂದೂ, ಮಕ್ಕಳ ಸೀಟು ಶಿಶುಗಳ ಸಾವನ್ನು ನೂರಕ್ಕೆ 71ರಷ್ಟು ತಗ್ಗಿಸಬಲ್ಲದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ 2022ನೆಯ ಒಂದೇ ವರ್ಷ ಬೆಲ್ಟು ಧರಿಸದೆ ಸತ್ತವರು 16,715 ಮಂದಿ ಎಂಬುದು ಕೇಂದ್ರ ಸರ್ಕಾರವೇ ಪ್ರಕಟಿಸಿದ ಸಂಖ್ಯೆ. ಅವರಲ್ಲಿ ಅರ್ಧದಷ್ಟು ಜನ ಚಾಲಕರಲ್ಲ, ಜೊತೆಗೆ ಕುಳಿತವರು. ಹಿಂದೆ ಕುಳಿತವರಿಗೆ ಬೆಲ್ಟೇಕೆಂಬ ಮಾತು ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತದೆ. ಅದೇ ವರ್ಷದ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ಸೇತುವೆಯೊಂದರ ಮೇಲೆ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ವಾಚಕರಿಗೆ ನೆನಪಿರಬಹುದು. ಬೆಲೆಬಾಳುವ ಕಾರು, ಮುಂದೆ ಕುಳಿತ ಇಬ್ಬರು ಗಾಯಗೊಂಡು ಬದುಕಿದರು, ಹಿಂದೆ ಬೆಲ್ಟಿಲ್ಲದೆ ಕುಳಿತಿದ್ದ ಇಬ್ಬರೂ ಉಳಿಯಲಿಲ್ಲ.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ಬಿ ಕಲಮು, 14 ವರ್ಷ ತುಂಬದ ಮಗುವನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕೂಡಿಸಿಕೊಂಡು ವಾಹನ ಓಡಿಸಿದರೆ 1,000 ರೂಪಾಯಿ ದಂಡವೆಂದು ವಿಧಿಸುತ್ತದೆ. ಆದರೆ ಕಾನೂನನ್ನು ವಂಚಿಸುವುದರಲ್ಲಿ ನಮ್ಮ ಜಾಣತನಕ್ಕೆ ಎಣೆಯಿಲ್ಲ. ಬೆಲ್ಟು ಹಾಕದಿದ್ದರೆ ಕಾರು ಕೂಗುತ್ತದೆ. ಆ ಕೂಗನ್ನು ಅಡಗಿಸಲೆಂದೇ ಬಕಲಿನಲ್ಲಿ ಸಿಕ್ಕಿಸುವ ಹುಸಿ ಕ್ಲಿಪ್ಪುಗಳು ಮಾರಾಟಕ್ಕೆ ಬಂದವು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅವುಗಳ ಮಾರಾಟ ನಿಲ್ಲಿಸಬೇಕೆಂದು ಅಂತರ್ಜಾಲದ ವ್ಯಾಪಾರ ಸಂಸ್ಥೆಗಳಿಗೆ ಆದೇಶಿಸಬೇಕಾಯಿತು. ಹಣ ಕೊಟ್ಟು ಸಾವನ್ನು ಕೊಳ್ಳುವ ಇಂಥ ವ್ಯಾಪಾರವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಈಗ ನಮ್ಮ ಅಂಗಳದ ಮಾತು. ವಾರ್ಷಿಕೋತ್ಸವಕ್ಕೆ ಬೆಂಗಳೂರು, ಪುಣೆಗಳಿಂದ ಬರುವ ಹಳೆಯ ವಿದ್ಯಾರ್ಥಿಗಳ ಕಾರುಗಳು ಮೈದಾನದ ತುಂಬ ನಿಲ್ಲುತ್ತವೆ. ಕಳೆದ ಸಲ ಗೇಟಿನ ಬಳಿ ನಿಂತು ಬರುವವರನ್ನು ಸ್ವಾಗತಿಸುತ್ತಿದ್ದ ನನಗೆ, ಅವುಗಳೊಳಗೆ ಮಕ್ಕಳು ಕುಳಿತ ರೀತಿಯೇ ಕಣ್ಣಿಗೆ ಬಿದ್ದಿತು. ಒಬ್ಬನು ಸ್ಟಿಯರಿಂಗಿಗೂ ತಂದೆಯ ಎದೆಗೂ ನಡುವೆ. ಇನ್ನೊಬ್ಬಳು ಮೇಲಿನ ಕಿಂಡಿಯಿಂದ ತಲೆ ಹೊರಹಾಕಿ ಕೈಬೀಸುತ್ತಿದ್ದಳು. ನನ್ನ ಕೈಯಲ್ಲಿ ಗಣವಿಭಾಗ ಕಲಿತ ಹುಡುಗರು ಇವರು! ಅವರನ್ನು ಜರಿಯಲು ನನಗೆ ಬಾಯಿಲ್ಲ, ನನ್ನ ಮೊಮ್ಮಗಳ ಹಣೆಯ ಮೇಲೆ ಗುರುತಿದೆ.

ದಾನಿಗಳಲ್ಲಿ ಒಂದು ಬಿನ್ನಹ. ಕೊಠಡಿಗಳನ್ನು, ಮಹಾದ್ವಾರವನ್ನು ಕಟ್ಟಿಸಿಕೊಟ್ಟಿದ್ದೀರಿ. ಆ ಉಪಕಾರವನ್ನು ಮರೆಯಲಾಗದು. ಆದರೆ ನಮ್ಮ ಮಕ್ಕಳನ್ನು ಕರೆತರುವ ವ್ಯಾನುಗಳಲ್ಲಿ ಹಿಂದಿನ ಆಸನಗಳಿಗೆ ಬೆಲ್ಟುಗಳಿಲ್ಲ, ಇರುವ ಆಸನಗಳಲ್ಲಿ ಇಬ್ಬರ ಜಾಗಕ್ಕೆ ನಾಲ್ವರು. ಮುಂದಿನ ದೇಣಿಗೆ ಅದಕ್ಕೆ ಸಲ್ಲಲಿ. ಹೆಸರಿನ ಶಿಲೆ ಹಾಕಿಸಲು ಬೆಲ್ಟಿನ ಮೇಲೆ ಸ್ಥಳವಿಲ್ಲವೆಂಬ ಕೊರತೆಯನ್ನು ಮನ್ನಿಸಬೇಕು. ಎರಡನೆಯದು, ಶಿಶುಗಳ ಸೀಟಿಗೆ ಹಲವು ಸಾವಿರ ರೂಪಾಯಿ ಬೀಳುತ್ತದೆ. ಕೂಸು ಬೇಗ ಅದರ ಅಳತೆ ಮೀರುವುದರಿಂದ ಅದು ಅಟ್ಟ ಸೇರುತ್ತದೆ. ಅಂಥವನ್ನು ಶಾಲೆಗೆ ಕೊಟ್ಟರೆ ಗ್ರಂಥಾಲಯದ ಪುಸ್ತಕದಂತೆ ಬೇಕಾದವರಿಗೆ ಎರವಲು ಕೊಡಬಹುದು. ಅಪಘಾತಕ್ಕೆ ಸಿಕ್ಕಿದ ಸೀಟನ್ನಾಗಲಿ, ಅದರ ಮೇಲೆ ಅಚ್ಚಾದ ಅವಧಿ ಮೀರಿದ್ದನ್ನಾಗಲಿ ದಯವಿಟ್ಟು ತರಬೇಡಿರಿ. ಹೊರಗೆ ಕಾಣದ ಬಿರುಕು ಒಳಗಿರಬಹುದು. ಪುಸ್ತಕವಾದರೆ ಹರಿದದ್ದನ್ನೂ ರಟ್ಟು ಹಾಕಿಸಿ ಇಟ್ಟುಕೊಳ್ಳುತ್ತೇನೆ. ಸೀಟುಗಳ ದಾಖಲೆ ಪುಸ್ತಕವನ್ನು ಬರೆದಿಡುವ ಕೆಲಸ ನನಗಿರಲಿ. ಮೊದಲನೆಯ ಸಾಲಿನಲ್ಲಿ ಬರೆಯುವುದು ನಮ್ಮ ಮನೆಯ ಸೀಟು. ಮೊಮ್ಮಗಳಿಗೆ ಅದು ಚಿಕ್ಕದಾಗಿದೆ.